ಶ್ನಾಪ್ಸನ್: ಈ ಕೈಗೆ ಕಟ್ಟು ಮುಚ್ಚಬಹುದಾ?

ಕಳಾವರ್ ರಾಜ
ಇಬ್ಬರು ಆಡೋ ಶ್ನಾಪ್ಸನ್ ಅನ್ನೋ ಎಲೆಯಾಟದ ಬಗ್ಗೆ ಒಂದು ಸಮಸ್ಯೆ. ತುರುಪು ಡೈಮನ್. ಎರಡು ಟ್ರಿಕ್ (ಇಬ್ಬರೂ ಒಂದೊಂದು ಎಲೆ ಹಾಕೋ ಸುತ್ತು) ಮುಗಿದಿವೆ, ಎರಡೂ ನಿಮ್ಮ ಪಾಲಾಗಿವೆ. ಅದರಲ್ಲಿ ಬಿದ್ದ ಎಲೆಗಳು: ಆಟಿನ್ ಹತ್ತು, ಆಟಿನ್ ಗುಲಾಮ, ಇಸ್ಪೀಟ್ ರಾಣಿ, ಇಸ್ಪೀಟ್ ಗುಲಾಮ. ಒಟ್ಟು 17 ಅಂಕ. ತುರುಪಿನ ಗುಲಾಮ ಕೊಟ್ಟು ಹತ್ತು ಎತ್ತಿಕೊಂಡಾಗಿದೆ, ಹಾಗಾಗಿ ಕಟ್ಟಿನ ಕೆಳಗೆ ಈಗ ಡೈಮನ್ ಗುಲಾಮ ಕಾಣ್ತಿದೆ.

ನಿಮ್ಮ ಕೈಯಲ್ಲಿರೋದು: ಡೈಮನ್ ಎಕ್ಕ, ಡೈಮನ್ ಹತ್ತು, ಇಸ್ಪೀಟ್ ಎಕ್ಕ, ಕಳಾವರ್ ಹತ್ತು, ಕಳಾವರ್ ರಾಜ. ಲೀಡ್, ಅಂದರೆ ಮೊದಲು ಎಲೆ ಇಳಿಸೋ ಸರದಿ, ನಿಮ್ಮದೇ. ಎದುರಾಳಿಗೆ ಒಂದು ಟ್ರಿಕ್ಕೂ ಸಿಕ್ಕಿಲ್ಲ. ಮುಚ್ಚಿ ಗೆದ್ದರೆ 3 ಗೇಮ್ ಪಾಯಿಂಟ್, ಸೋತರೆ ಎದುರಾಳಿಗೆ 3. ಏನು ಮಾಡ್ತೀರಿ?

ಹೊಸಬ 20
ಸರ್, ನಿಯಮ ಗೊತ್ತಿಲ್ಲದವರೂ ಓದ್ತಿದ್ದೀವಿ. ರಮ್ಮಿ, ಇಪ್ಪತ್ತೆಂಟು ಬರುತ್ತೆ, ಇದು ಗೊತ್ತಿಲ್ಲ. ಮೊದಲು ಆಟ ಹೇಳಿಬಿಡಿ. ಬೇರೆ ಎಲೆ ಕಟ್ಟು ಕೊಳ್ಳಬೇಕಾ?

ಸುಳ್ಯದ ಎಲೆಗಾರ
ಬೇಡ. ಮನೆಯಲ್ಲಿರೋ 52ರ ಕಟ್ಟಿನಿಂದ 2ರಿಂದ 9ರವರೆಗಿನ 32 ಎಲೆ ತೆಗೆದಿಡಿ, ಜೋಕರ್ ಕೂಡ. ಉಳಿದ 20 ಎಲೆ ಸಾಕು. ಎಕ್ಕ 11, ಹತ್ತು 10, ರಾಜ 4, ರಾಣಿ 3, ಗುಲಾಮ 2. ಬಲವೂ ಇದೇ ಕ್ರಮದಲ್ಲಿ. ಇಪ್ಪತ್ತೆಂಟು ಆಡಿದವರ ಕೈ ಇಲ್ಲೇ ತಪ್ಪೋದು: ಅಲ್ಲಿ ಗುಲಾಮನೇ ದೊಡ್ಡವನು, ಇಲ್ಲಿ ಎಲ್ಲರಿಗಿಂತ ಕೆಳಗೆ. ಹತ್ತು ರಾಜನಿಗಿಂತ ಮೇಲೆ, ಎಕ್ಕನ ಕೆಳಗೆ. ಒಂದು ಜಾತಿಗೆ 30 ಅಂಕ, ಒಟ್ಟು 120.

ಹಂಚೋದು: ಎದುರಾಳಿಗೆ ಮೂರು, ತನಗೆ ಮೂರು, ಒಂದೆಲೆ ಮುಖ ಮೇಲೆ ಮಾಡಿ ತುರುಪು, ಆಮೇಲೆ ಇಬ್ಬರಿಗೂ ಎರಡೆರಡು. ಉಳಿದ 9 ಎಲೆ ಮುಖ ಕೆಳಗೆ ಮಾಡಿ ಆ ತುರುಪಿನ ಮೇಲೆ ಅಡ್ಡಲಾಗಿ, ತುರುಪು ಅರ್ಧ ಕಾಣುವ ಹಾಗೆ. ಹಂಚದವರು ಮೊದಲು ಇಳಿಸ್ತಾರೆ.

ಕಟ್ಟು ತೆರೆದಿರುವಷ್ಟು ಹೊತ್ತು ಯಾವ ಎಲೆ ಬೇಕಾದರೂ ಹಾಕಬಹುದು, ಅದೇ ಜಾತಿ ಕೈಯಲ್ಲಿದ್ದರೂ ಹಾಕಲೇಬೇಕು ಅಂತಿಲ್ಲ. ಟ್ರಿಕ್ ಗೆದ್ದವರು ಕಟ್ಟಿನಿಂದ ಮೊದಲು ಎಳೀತಾರೆ, ಸೋತವರು ಆಮೇಲೆ. ಮತ್ತೆ ಐದೈದು ಎಲೆ. ಗೆದ್ದವರದೇ ಲೀಡ್.

ಲೀಡ್ ಇದ್ದಾಗ, ಎಲೆ ಇಳಿಸುವ ಮುಂಚೆ ಮೂರು ಕೆಲಸ ಮಾಡಬಹುದು. ತುರುಪಿನ ಗುಲಾಮ ಇದ್ದರೆ ಕೆಳಗಿರೋ ತುರುಪಿನ ಎಲೆಗೆ ಬದಲಾಯಿಸಿಕೊಳ್ಳೋದು. ಒಂದೇ ಜಾತಿಯ ರಾಜ ರಾಣಿ ಜೋಡಿ ಇದ್ದರೆ ತೋರಿಸಿ ಅವೆರಡರಲ್ಲಿ ಒಂದನ್ನು ಇಳಿಸೋದು: 20 ಅಂಕ, ತುರುಪಿನದಾದರೆ 40. ಮೂರನೆಯದು ಕಟ್ಟು ಮುಚ್ಚೋದು. ತುರುಪಿನ ಎಲೆಯನ್ನು ಮುಖ ಕೆಳಗೆ ಮಾಡಿ ಕಟ್ಟಿನ ಮೇಲಿಟ್ಟರೆ ಮುಚ್ಚಿದ ಹಾಗೆ. ಅಲ್ಲಿಂದ ಯಾರೂ ಎಳೆಯೋ ಹಾಗಿಲ್ಲ, ಗುಲಾಮ ಬದಲಾವಣೆಯೂ ಇಲ್ಲ. ಕೈಯಲ್ಲಿರೋ ಐದೇ ಎಲೆಯಲ್ಲಿ ಆಟ ಮುಗೀಬೇಕು.

ಮುಚ್ಚಿದ ಮೇಲೆ, ಅಥವಾ ಕಟ್ಟು ತಾನಾಗಿ ಖಾಲಿಯಾದ ಮೇಲೆ, ನಿಯಮ ಬಿಗಿ. ಅದೇ ಜಾತಿ ಹಾಕಲೇಬೇಕು, ಮೀರಿಸೋಕೆ ಆದರೆ ಮೀರಿಸಲೇಬೇಕು, ಜಾತಿ ಇಲ್ಲದಿದ್ದರೆ ತುರುಪು ಹೊಡೆಯಲೇಬೇಕು. ತುರುಪೂ ಇಲ್ಲ ಅಂದರೆ ಮಾತ್ರ ಮನಸ್ಸಿಗೆ ಬಂದದ್ದು ಹಾಕಬಹುದು.

66 ಅಂಕ ಆಯ್ತು ಅಂತ ಮೊದಲು ಹೇಳಿದವರಿಗೆ ಆ ಹಂಚಿಕೆ. ಎದುರಾಳಿ 33 ಅಥವಾ ಹೆಚ್ಚು ಮಾಡಿದ್ದರೆ 1 ಗೇಮ್ ಪಾಯಿಂಟ್, 33ಕ್ಕಿಂತ ಕಡಿಮೆ ಇದ್ದರೆ 2, ಒಂದು ಟ್ರಿಕ್ಕೂ ಗೆದ್ದಿಲ್ಲದಿದ್ದರೆ 3. ಯಾರೂ ಹೇಳದೆ, ಯಾರೂ ಮುಚ್ಚದೆ ಎಲೆ ಮುಗಿದರೆ ಕೊನೆ ಟ್ರಿಕ್ ಗೆದ್ದವರಿಗೆ ಆಟ.

ಹೊಸಬ 20
ಅಂಕ ಬರೆದುಕೊಳ್ಳಬಹುದಾ?

ಸುಳ್ಯದ ಎಲೆಗಾರ
ಇಲ್ಲ. ತಲೆಯಲ್ಲೇ ಎಣಿಸಬೇಕು. ಗೆದ್ದ ಟ್ರಿಕ್‌ಗಳನ್ನು ಮಗುಚಿ ಇಟ್ಟ ಮೇಲೆ ಹಿಂದಿನ ಒಂದನ್ನು ಬಿಟ್ಟು ಹಳೆಯವನ್ನು ತೆರೆದು ನೋಡೋ ಹಾಗಿಲ್ಲ. ನಿಮ್ಮದೂ ಎದುರಾಳಿಯದೂ ಎರಡೂ ಲೆಕ್ಕ ಇಟ್ಟುಕೊಳ್ಳಿ. 66 ಆಗದೆ ಆಯ್ತು ಅಂದರೆ ಎದುರಾಳಿಗೆ 2 ಪಾಯಿಂಟ್, ಅವರಿಗೆ ಟ್ರಿಕ್ಕೇ ಇಲ್ಲದಿದ್ದರೆ 3.

ಕರಾವಳಿ ಕಾರ್ಡ್ಸ್
ಸಮಸ್ಯೆಗೆ ಬರೋಣ. ನನ್ನ ಪ್ರಕಾರ ಮುಚ್ಚಬಾರದು. ಮುಚ್ಚಿ ಡೈಮನ್ ಎಕ್ಕ, ಡೈಮನ್ ಹತ್ತು ಎಳೆದರೆ ಎದುರಾಳಿಯ ತುರುಪು ಪೂರ್ತಿ ಖಾಲಿ, ಯಾಕಂದ್ರೆ ಹೊರಗಿರೋದು ರಾಜ, ರಾಣಿ ಎರಡೇ. ಆಮೇಲೆ ಇಸ್ಪೀಟ್ ಎಕ್ಕ. 17 + 11 + 10 + 11 = 49. ಎದುರಾಳಿ ಹಾಕೋ ಮೂರು ಎಲೆಯಿಂದ ಕನಿಷ್ಠ 2 + 3 + 3 = 8. ಅಲ್ಲಿಗೆ 57. ಕೈಯಲ್ಲಿ ಉಳಿಯೋದು ಕಳಾವರ್ ಹತ್ತು ಮತ್ತು ರಾಜ. ಕಳಾವರ್ ಎಕ್ಕ ಕಟ್ಟಿನಲ್ಲಿದ್ದರೆ ಹತ್ತು ಇಳಿಸಿ 67, ಆಟ ಮುಗೀತು. ಎಕ್ಕ ಎದುರಾಳಿ ಹತ್ತಿರ ಇದ್ದರೆ ಅವರು ಅದನ್ನು ಕೊನೆವರೆಗೂ ಹಿಡಿದಿಟ್ಟುಕೊಳ್ತಾರೆ, ಹತ್ತಕ್ಕೆ ಹೊಡೀತಾರೆ. ರಾಜ ಮೊದಲು ಇಳಿಸಿದರೂ ಅಷ್ಟೇ: ಎಕ್ಕದಿಂದ ಎತ್ತಿ ಆಟಿನ್ ಇಳಿಸ್ತಾರೆ, ಹೊಡೆಯೋಕೆ ತುರುಪು ಉಳಿದಿಲ್ಲ.

ಎಕ್ಕ ಎದುರಾಳಿ ಹತ್ತಿರ ಇರೋ ಸಾಧ್ಯತೆ ಸರಿಯಾಗಿ ಅರ್ಧ. ಅರ್ಧಕ್ಕೆ ಮೂರು ಪಾಯಿಂಟ್ ಪಣ ಯಾಕೆ? ಮುಚ್ಚದೆ ಆಡಿದರೂ ಇದು ಒಳ್ಳೆ ಕೈಯೇ.

ಲೆಕ್ಕದ ಮೇಷ್ಟ್ರು
ಎಣಿಕೆ ಸರಿ, ಎಲೆ ಇಳಿಸೋ ಕ್ರಮ ತಪ್ಪು. ಮುಚ್ಚಿ, ಮೊದಲ ಎಲೆಯೇ ಕಳಾವರ್ ರಾಜ.

ಮುಚ್ಚಿದ ಮೇಲೆ ಮೀರಿಸಲೇಬೇಕು ಅನ್ನೋ ನಿಯಮ ಇದೆ. ಎದುರಾಳಿ ಹತ್ತಿರ ಕಳಾವರ್ ಎಕ್ಕ ಇದ್ದರೆ ಈಗಲೇ ಹಾಕಲೇಬೇಕು, ಹಿಡಿದಿಟ್ಟುಕೊಳ್ಳೋ ಹಕ್ಕೇ ಇಲ್ಲ. 15 ಅಂಕ ಹೋಗುತ್ತೆ, ಹೋಗಲಿ. ಕೈಯಲ್ಲಿ ಉಳಿದ ನಾಲ್ಕೂ ಎಲೆ ಈಗ ಅವುಗಳ ಜಾತಿಯಲ್ಲಿ ಎಲ್ಲಕ್ಕಿಂತ ದೊಡ್ಡವು: ಡೈಮನ್ ಎಕ್ಕ, ಡೈಮನ್ ಹತ್ತು, ಇಸ್ಪೀಟ್ ಎಕ್ಕ, ಕಳಾವರ್ ಹತ್ತು. ಎದುರಾಳಿ ಇಸ್ಪೀಟ್ ಇಳಿಸಿದರೆ ಎಕ್ಕ, ಕಳಾವರ್ ಇಳಿಸಿದರೆ ಹತ್ತು, ಡೈಮನ್ ಇಳಿಸಿದರೆ ಡೈಮನ್. ಆಟಿನ್ ಇಳಿಸಿದರೆ ತುರುಪು. ನಾಲ್ಕೂ ಟ್ರಿಕ್ ಸಿಕ್ಕರೆ 17 + 11 + 10 + 11 + 10 = 59, ಎದುರಾಳಿಯ ನಾಲ್ಕು ಎಲೆಯಿಂದ ಕನಿಷ್ಠ 2 + 3 + 3 + 3 = 11. ಎಪ್ಪತ್ತು.

ಎಕ್ಕ ಕಟ್ಟಿನಲ್ಲೇ ಇದ್ದರೆ? ಎದುರಾಳಿ ಹತ್ತಿರ ಕಳಾವರ್ ಇದ್ದರೆ ರಾಜನೇ ಗೆಲ್ತಾನೆ. ಇಲ್ಲದಿದ್ದರೆ ತುರುಪಿನಿಂದ ಹೊಡೀಬೇಕು, ಅಲ್ಲಿಗೆ ಅವರ ಒಂದು ತುರುಪು ಖರ್ಚು. ಆಮೇಲೆ ಉಳಿದಿರೋದು ಹೆಚ್ಚೆಂದರೆ ಒಂದು, ಅದನ್ನು ಡೈಮನ್ ಎಕ್ಕ ಎಳೆಯುತ್ತೆ. ಈ ದಾರಿಯಲ್ಲಿ ಸೋಲೇ ಇಲ್ಲ.

ಲೀಡ್ ಒಮ್ಮೆ ಕಳೆದುಕೊಳ್ಳಲೇಬೇಕು ಅಂತಿದ್ದರೆ ತುರುಪು ಕೈಯಲ್ಲಿರುವಾಗಲೇ ಕಳೆದುಕೊಳ್ಳಿ. ವಾಪಸ್ ತರೋಕೆ ಅದೇ ಹಗ್ಗ.

ಕರಾವಳಿ ಕಾರ್ಡ್ಸ್
ಒಪ್ಪಿದೆ ಮೇಷ್ಟ್ರೇ, ಆದರೆ ಒಂದು ಸಂದು ಇದೆ. ಎದುರಾಳಿ ಹತ್ತಿರ ಕಳಾವರ್ ಎಕ್ಕದ ಜೊತೆ ಡೈಮನ್ ರಾಜ, ರಾಣಿ ಎರಡೂ ಇದ್ದು ಆಟಿನ್ ಇಳಿಸಿದರೆ? ಡೈಮನ್ ಹತ್ತರಿಂದ ಹೊಡೆದೆವು, ಡೈಮನ್ ಎಕ್ಕದಿಂದ ರಾಣಿಯನ್ನು ಎಳೆದೆವು. ರಾಜ ಇನ್ನೂ ಉಳಿದ. ಇಸ್ಪೀಟ್ ಎಕ್ಕವನ್ನೇ ಹೊಡೆದುಬಿಡ್ತಾನೆ.

ಲೆಕ್ಕದ ಮೇಷ್ಟ್ರು
ಇರೋ ಅಪಾಯ ಅದೊಂದೇ. ಎಷ್ಟು ದೊಡ್ಡದು ನೋಡೋಣ. ಕಾಣದ ಎಲೆ 10: ಡೈಮನ್ ರಾಜ ರಾಣಿ, ಇಸ್ಪೀಟ್ ಹತ್ತು ರಾಜ, ಕಳಾವರ್ ಎಕ್ಕ ರಾಣಿ ಗುಲಾಮ, ಆಟಿನ್ ಎಕ್ಕ ರಾಜ ರಾಣಿ. ಇವುಗಳಲ್ಲಿ ಐದು ಎದುರಾಳಿ ಹತ್ತಿರ. ಒಟ್ಟು 252 ಬಗೆಯ ಕೈ. ನೀವು ಹೇಳಿದ ಮೂರೂ ಎಲೆ ಒಟ್ಟಿಗೆ ಇರೋದು 21ರಲ್ಲಿ, ಹನ್ನೆರಡಕ್ಕೊಂದು.

ಆ 21ರಲ್ಲೂ ಎಲ್ಲ ಸೋಲಲ್ಲ. ಆಟಿನ್ ಒಂದೂ ಇಲ್ಲದ 6 ಕೈ ಕ್ಷೇಮ. ಆಟಿನ್ ಒಂದು, ಇಸ್ಪೀಟ್ ಒಂದು ಇರೋ ಆರರಲ್ಲಿ ಮೂರು ಗೆಲುವು, ಯಾಕಂದ್ರೆ ಇಸ್ಪೀಟ್ ಎಕ್ಕಕ್ಕೆ ಅವರು ಇಸ್ಪೀಟೇ ಹಾಕಬೇಕು: ಆಟಿನ್ ಎಕ್ಕದ ಜೊತೆ ಇಸ್ಪೀಟ್ ರಾಜ ಇದ್ದರೆ 67, ಆಟಿನ್ ರಾಜನ ಜೊತೆ ಇಸ್ಪೀಟ್ ಹತ್ತು ಇದ್ದರೆ ಸರಿಯಾಗಿ 66. ಆಟಿನ್ ರಾಣಿ ಮತ್ತು ಇಸ್ಪೀಟ್ ಹತ್ತು ಆದರೆ 65, ಒಂದೇ ಒಂದು ಅಂಕಕ್ಕೆ ಹೋಗುತ್ತೆ. ಬಿಡಿಸಿ ನೋಡಿದರೆ ಸೋಲೋದು 12 ಕೈ. 252ರಲ್ಲಿ 12, ಶೇಕಡಾ 5ರ ಹತ್ತಿರ. ನಿಮ್ಮ ಕ್ರಮದಲ್ಲಿ ಅರ್ಧದಷ್ಟು ಸೋಲು. ಎಲೆ ಅವೇ, ಮುಚ್ಚೋ ಹೊತ್ತೂ ಅದೇ.

ಕಳಾವರ್ ರಾಜ
ಉತ್ತರ ಅದೇ. ಒಂದು ಸೇರಿಸ್ತೀನಿ: ಕಟ್ಟು ತೆರೆದಿಟ್ಟು ಕಳಾವರ್ ರಾಜ ಇಳಿಸಿದರೆ ಈ ಲಾಭ ಸಿಗಲ್ಲ. ಆಗ ಎಕ್ಕ ಹಾಕಲೇಬೇಕು ಅನ್ನೋ ಬಲವಂತ ಇಲ್ಲ, ಒಂದು ರಾಣಿ ಎಸೆದು ಸುಮ್ಮನಾಗ್ತಾರೆ. ಮುಚ್ಚೋದು ಬರೀ ಪಣ ಏರಿಸೋ ಕೆಲಸ ಅಲ್ಲ, ಆಟದ ನಿಯಮವನ್ನೇ ಆ ಕ್ಷಣಕ್ಕೆ ಬದಲಾಯಿಸೋ ಕೆಲಸ.

ವಿಯೆನ್ನಾ ಕನ್ನಡತಿ
ಇಲ್ಲಿ ಆಸ್ಟ್ರಿಯಾದಲ್ಲಿ ಲೆಕ್ಕ ಕೆಳಮುಖವಾಗಿ ನಡೆಯುತ್ತೆ. ಇಬ್ಬರೂ 7ರಿಂದ ಶುರು, ಗೆದ್ದಷ್ಟು ಕಳೀತಾ ಹೋಗಿ ಮೊದಲು ಸೊನ್ನೆ ಮುಟ್ಟಿದವರು ಗೆದ್ದರು. ಸೋತವರ ಹೆಸರಿನ ಕೆಳಗೆ ಒಂದು ಕಪ್ಪು ಚುಕ್ಕೆ, ಅದಕ್ಕೆ ಬುಮ್ಮರ್ಲ್ ಅಂತಾರೆ. ಏಳರಲ್ಲೇ ಉಳಿದು ಸೋತರೆ ಎರಡು ಚುಕ್ಕೆ.

ಮುಚ್ಚೋ ನಿರ್ಧಾರ ಈ ಪಟ್ಟಿ ನೋಡದೆ ಆಗಲ್ಲ. ನಿಮಗೆ ಒಂದೇ ಪಾಯಿಂಟ್ ಬಾಕಿ ಇದ್ದರೆ 3 ಗೆದ್ದು ಏನು ಮಾಡ್ತೀರಿ? ಎದುರಾಳಿಗೆ 2 ಅಥವಾ 3 ಬಾಕಿ ಇರುವಾಗ ಅಲ್ಲಾಡೋ ಕೈಗೆ ಮುಚ್ಚಿದರೆ ಪೂರ್ತಿ ಆಟವನ್ನೇ ಅವರ ಕೈಗೆ ಇಟ್ಟ ಹಾಗೆ. ಎದುರಾಳಿಗೆ 1 ಬಾಕಿ, ನಿಮಗೆ 3 ಬಾಕಿ ಇದ್ದರೆ ಲೆಕ್ಕ ತಿರುಗುತ್ತೆ. ಹೇಗೆ ಸೋತರೂ ಆಟ ಮುಗಿಯೋದೇ, ಆದ್ದರಿಂದ ಮುಚ್ಚಿ ಸೋತರೆ ಹೆಚ್ಚು ಕೊಡಬೇಕು ಅನ್ನೋ ಭಯಕ್ಕೆ ಅರ್ಥ ಇಲ್ಲ, ಅರ್ಧಕ್ಕಿಂತ ಕಡಿಮೆ ಸಾಧ್ಯತೆ ಇದ್ದರೂ ಮುಚ್ಚಬಹುದು.

ಹೊಸಬ 20
ಮುಚ್ಚಿದಾಗ ಪಾಯಿಂಟ್ ಎಷ್ಟು ಅನ್ನೋದು ಇನ್ನೂ ಗೊಂದಲ ಮೇಡಂ. ಆಟ ಮುಗಿದಾಗಿನ ಅಂಕ ನೋಡೋದಾ, ಮುಚ್ಚಿದಾಗಿನದಾ?

ವಿಯೆನ್ನಾ ಕನ್ನಡತಿ
ಮುಚ್ಚಿದಾಗಿನದು. ಆ ಕ್ಷಣದಲ್ಲಿ ಎದುರಾಳಿಯ ಬಳಿ ಏನಿತ್ತೋ ಅದೇ ನಿಲ್ಲುತ್ತೆ. ಅವರಿಗೆ 30 ಇದ್ದಾಗ ಮುಚ್ಚಿದಿರಿ ಅಂದುಕೊಳ್ಳಿ, ನಡುವೆ ಒಂದು ಟ್ರಿಕ್ ಬಿಟ್ಟುಕೊಟ್ಟು ಅವರು 45 ಆದರೂ ನೀವು 66 ಮುಟ್ಟಿದರೆ 2 ಪಾಯಿಂಟೇ. ಮುಚ್ಚದೆ ಅದೇ ರೀತಿ ಆಡಿದ್ದರೆ 1. ಮೇಲಿನ ಕೈಯಲ್ಲೂ ಕಳಾವರ್ ಎಕ್ಕಕ್ಕೆ ಟ್ರಿಕ್ ಹೋದರೂ 3 ಪಾಯಿಂಟ್ ಹೋಗಲ್ಲ.

ಸೋತರೆ: ಮುಚ್ಚಿದವರು 66 ಮುಟ್ಟದಿದ್ದರೆ, ಅಥವಾ ಎದುರಾಳಿಯೇ ಮೊದಲು ಮುಟ್ಟಿದರೆ, ಎದುರಾಳಿಗೆ 2. ಮುಚ್ಚಿದಾಗ ಅವರಿಗೆ ಟ್ರಿಕ್ ಇರದಿದ್ದರೆ 3. ಕೊನೆ ಟ್ರಿಕ್ ಗೆದ್ದೆ ಅನ್ನೋ ವಾದ ಮುಚ್ಚಿದ ಮೇಲೆ ನಡೆಯಲ್ಲ.

ಲೆಕ್ಕದ ಮೇಷ್ಟ್ರು
ಅದನ್ನೇ ಸಂಖ್ಯೆಗೆ ಇಳಿಸಿದರೆ, ಎದುರಾಳಿ 33 ದಾಟಿದ ಮೇಲೆ ಮುಚ್ಚೋದು ಕೆಟ್ಟ ವ್ಯಾಪಾರ. ಗೆದ್ದರೆ 1, ಸೋತರೆ 2. ಮೂರರಲ್ಲಿ ಎರಡು ಸಲ ಗೆದ್ದರೂ ಬರೀ ಸಮ. 33ರ ಕೆಳಗಿದ್ದರೆ 2ಕ್ಕೆ 2, ಟ್ರಿಕ್ ಇಲ್ಲದಿದ್ದರೆ 3ಕ್ಕೆ 3.

ಆದರೆ ಸೊನ್ನೆಗೆ ಹೋಲಿಸಬೇಡಿ, ಮುಚ್ಚದೆ ಆಡಿದರೆ ಏನಾಗುತ್ತೆ ಅನ್ನೋದಕ್ಕೆ ಹೋಲಿಸಿ. ಮುಚ್ಚದೆ ಆಡಿದರೆ ನೂರಕ್ಕೆ 60 ಸಲ 1 ಪಾಯಿಂಟ್ ಬರುತ್ತೆ, 40 ಸಲ 1 ಹೋಗುತ್ತೆ ಅಂತಿಟ್ಟುಕೊಳ್ಳಿ. ಸರಾಸರಿ 0.2 ಲಾಭ. ಅದನ್ನು ಮೀರಬೇಕಾದರೆ ಎದುರಾಳಿ 33 ದಾಟಿದ್ದಾಗ ಮುಚ್ಚಿ ಗೆಲ್ಲುವ ಸಾಧ್ಯತೆ 73ಕ್ಕಿಂತ ಹೆಚ್ಚಿರಬೇಕು, 33ರ ಕೆಳಗಿದ್ದರೆ 55 ಸಾಕು, ಟ್ರಿಕ್ಕೇ ಇಲ್ಲದಿದ್ದರೆ 53 ದಾಟಿದರೂ ಆಯ್ತು. ಹೊಸಬರು ಇದನ್ನು ತಲೆಕೆಳಗೆ ಮಾಡ್ತಾರೆ: ಮೊದಮೊದಲು ಹೆದರಿ ಕೂತು, ಎದುರಾಳಿ 40 ದಾಟಿದ ಮೇಲೆ ಗಾಬರಿಯಲ್ಲಿ ಮುಚ್ಚೋದು.

ಕರಾವಳಿ ಕಾರ್ಡ್ಸ್
ಕಾಣದ ಒಂದು ನಿರ್ದಿಷ್ಟ ಎಲೆ ಎದುರಾಳಿ ಕೈಯಲ್ಲಿರೋ ಸಾಧ್ಯತೆ ನೆನಪಿಟ್ಟುಕೊಂಡರೆ ಬಹಳ ಅನುಕೂಲ. ಶುರುವಿನಲ್ಲಿ ಕಾಣದ್ದು 14, ಅದರಲ್ಲಿ 5 ಅವರದು: ಶೇಕಡಾ 36. ಒಂದು ಟ್ರಿಕ್ ಆದ ಮೇಲೆ 12ರಲ್ಲಿ 5, 42. ಎರಡಾದ ಮೇಲೆ 10ರಲ್ಲಿ 5, ಅರ್ಧ. ಮೂರಾದ ಮೇಲೆ 8ರಲ್ಲಿ 5, 62. ನಾಲ್ಕಾದ ಮೇಲೆ 6ರಲ್ಲಿ 5, 83. ಐದನೇ ಟ್ರಿಕ್ ಮುಗಿದು ಕಟ್ಟು ಖಾಲಿಯಾದರೆ ಎಣಿಸಿದವರಿಗೆ ಎದುರಾಳಿಯ ಕೈ ಪೂರ್ತಿ ತೆರೆದ ಪುಸ್ತಕ. ಅಂದರೆ ಒಂದು ಎಲೆ ಮಾತ್ರ ಅಡ್ಡ ಇದೆ ಅನ್ನೋ ಕೈಗೆ ಬೇಗ ಮುಚ್ಚಿದಷ್ಟೂ ಒಳ್ಳೇದು. ತಡ ಮಾಡಿದಷ್ಟೂ ಆ ಎಲೆ ಅವರ ಕೈಗೆ ಹೋಗ್ತಾ ಇರುತ್ತೆ.

ಸುಳ್ಯದ ಎಲೆಗಾರ
ಶುರುವಿನಲ್ಲೇ ಮುಚ್ಚಬಹುದಾದ ಕೈಗೆ ಒಂದು ಉದಾಹರಣೆ. ತುರುಪು ಆಟಿನ್, ಕೆಳಗೆ ಕಾಣ್ತಿರೋದು ಆಟಿನ್ ಹತ್ತು. ಕೈಯಲ್ಲಿ ಆಟಿನ್ ಎಕ್ಕ, ರಾಜ, ರಾಣಿ, ಇಸ್ಪೀಟ್ ಎಕ್ಕ, ಕಳಾವರ್ ಎಕ್ಕ. ಮುಚ್ಚಿದರೆ ಆ ಹತ್ತು ಯಾರಿಗೂ ಸಿಗಲ್ಲ, ಹೊರಗಿರೋ ತುರುಪು ಗುಲಾಮ ಒಂದೇ. ಆಟಿನ್ ಎಕ್ಕ 11, ಜೋಡಿ 40 ತೋರಿಸಿ ರಾಜ 4, ಇಸ್ಪೀಟ್ ಎಕ್ಕ 11. ಎದುರಾಳಿಯ ಎಲೆ ಎಣಿಸದೆಯೇ 66. ಎಕ್ಕ ಮೊದಲು, ಜೋಡಿ ಆಮೇಲೆ. ಒಂದು ಟ್ರಿಕ್ ಗೆಲ್ಲುವವರೆಗೆ ಜೋಡಿಯ ಅಂಕ ಎಣಿಕೆಗೆ ಬರಲ್ಲ ಅನ್ನೋದನ್ನು ಮರೀಬೇಡಿ.

ಹೊಸಬ 20
ಮುಚ್ಚಿದವರ ಎದುರು ಕೂತವರು ಏನು ಮಾಡಬೇಕು? ಸುಮ್ಮನೆ ನೋಡ್ತಾ ಕೂರೋದಾ?

ಲೆಕ್ಕದ ಮೇಷ್ಟ್ರು
ಮೇಲಿನ ಸಮಸ್ಯೆಯಲ್ಲೇ ಉತ್ತರ ಇದೆ. ಲೀಡ್ ಸಿಕ್ಕಿದ ಕೂಡಲೇ ಮುಚ್ಚಿದವರ ಬಳಿ ಇಲ್ಲದ ಜಾತಿ ಇಳಿಸಿ, ಅವರ ತುರುಪು ಖರ್ಚು ಮಾಡಿಸಿ. ಇಳಿಸೋದು ಆ ಜಾತಿಯ ಸಣ್ಣ ಎಲೆ, ಯಾಕಂದ್ರೆ ಅದು ಅವರಿಗೇ ಹೋಗೋದು. ಅಲ್ಲಿ ಎದುರಾಳಿಗೆ ತನ್ನ ಕೈಯಲ್ಲಿ ತುರುಪಿನ ರಾಜ ರಾಣಿ ಕಂಡ ಕೂಡಲೇ 40 ತೋರಿಸೋ ಆಸೆ ಹುಟ್ಟುತ್ತೆ. 15 + 40 = 55, ಸಿಗೋದು ಅಷ್ಟೇ, 66 ಅಲ್ಲ. ಇಳಿಸಿದ ರಾಣಿ ಡೈಮನ್ ಹತ್ತಕ್ಕೆ ಬೀಳುತ್ತೆ, ರಾಜ ಎಕ್ಕಕ್ಕೆ ಬೀಳ್ತಾನೆ, ತಡೆಯೋ ಒಂದೇ ದಾರಿಯೂ ಮುಚ್ಚಿಹೋಯ್ತು. ಜೋಡಿ ಬಿಟ್ಟು ಆಟಿನ್ ರಾಣಿ ಇಳಿಸಿದವರಿಗೆ 3 ಪಾಯಿಂಟ್.

ಎಸೆಯೋ ಸ್ವಾತಂತ್ರ್ಯ ಇದ್ದಾಗ ಸಣ್ಣದು ಎಸೆಯಿರಿ ಅನ್ನೋದು ಸರಿ, ಆದರೆ ಮುಚ್ಚಿದವರ ಕೊನೆ ಎರಡು ಎಲೆ ಯಾವ ಜಾತಿ ಅಂತ ಊಹಿಸಿ ಆ ಜಾತಿಯ ದೊಡ್ಡದನ್ನು ಉಳಿಸಿಕೊಳ್ಳಿ.

ಕರಾವಳಿ ಕಾರ್ಡ್ಸ್
ತೆರೆದ ಆಟದಲ್ಲಿ ಮಾಡೋ ತಪ್ಪುಗಳನ್ನೂ ಬರೆದಿಡೋಣ. ಎಕ್ಕ, ಹತ್ತನ್ನು ಮೊದಲ ಲೀಡಿಗೇ ಇಳಿಸೋದು: ಯಾವ ಜಾತಿಯನ್ನಾದರೂ ತುರುಪಿನಿಂದ ಹೊಡೆಯಬಹುದಾದ ಹೊತ್ತಲ್ಲಿ 11 ಅಂಕ ದಾನ. ಗುಲಾಮ ಇಳಿಸಿ, ಎದುರಾಳಿ ಎತ್ತಿದರೂ ಹೋಗೋದು 2. ಆದರೆ ತುರುಪಿನ ಗುಲಾಮ ಮಾತ್ರ ಎಸೆಯಬೇಡಿ. ಬದಲಾವಣೆ ಲೀಡ್ ಇದ್ದಾಗಲೇ ಆಗೋದು, ಅದಕ್ಕೆ ಕೆಳಗೆ ಎಕ್ಕ ಅಥವಾ ಹತ್ತು ಇದ್ದರೆ ಒಂದು ಟ್ರಿಕ್ಕಿಗೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟ ಇಲ್ಲ. ರಾಣಿ ಇದ್ದು ರಾಜ ಇನ್ನೂ ಬಿದ್ದಿಲ್ಲದಿದ್ದರೆ ರಾಣಿಯನ್ನು ಇಟ್ಟುಕೊಳ್ಳಿ.

ಐದನೇ ಟ್ರಿಕ್ ವಿಶೇಷ. ಆಗ ಕಟ್ಟಿನಲ್ಲಿ ಇರೋದು ಮುಚ್ಚಿದ ಒಂದೆಲೆ, ಕೆಳಗೆ ತುರುಪು. ಗೆದ್ದವರಿಗೆ ಮುಚ್ಚಿದ್ದು, ಸೋತವರಿಗೆ ತುರುಪು. ಅಲ್ಲಿರೋದು ದೊಡ್ಡ ತುರುಪಾದರೆ ಒಂದು ಗುಲಾಮ ಎಸೆದು ಬೇಕೆಂದೇ ಸೋಲೋದು ಎಷ್ಟೋ ಸಲ ಸರಿಯಾದ ಆಟ. ಲೀಡ್ ಬಿಟ್ಟುಕೊಟ್ಟದ್ದಕ್ಕೆ ಆ ತುರುಪು ಸಾಕಾಗುತ್ತಾ ಅಂತ ನೋಡಿಕೊಳ್ಳಿ ಅಷ್ಟೇ.

ಹೊಸಬ 20
ಅರವತ್ತಾರು ಅಂತ ಇನ್ನೊಂದು ಆಟ ಇದೆಯಲ್ಲ, ಅದೂ ಇದೂ ಒಂದೇನಾ?

ವಿಯೆನ್ನಾ ಕನ್ನಡತಿ
ಹತ್ತಿರದ ನೆಂಟರು. ಜರ್ಮನಿಯ ಅರವತ್ತಾರಿಗೆ 24 ಎಲೆ, ಕೈಗೆ ಆರಾರು. ಒಂಬತ್ತುಗಳೂ ಇರ್ತವೆ, ಅಂಕ ಸೊನ್ನೆ. ಗುಲಾಮನ ಬದಲು ತುರುಪಿನ ಒಂಬತ್ತನ್ನು ಬದಲಾಯಿಸಿಕೊಳ್ಳೋದು. ಕೊನೆ ಟ್ರಿಕ್ಕಿಗೆ 10 ಅಂಕ ಸೇರುತ್ತೆ. ಪಾಡರ್‌ಬೋರ್ನ್ ಊರಲ್ಲಿ ಆ ಆಟ 1652ರಲ್ಲಿ ಅಲ್ಲೇ ಹುಟ್ಟಿತು ಅಂತ ಫಲಕ ಹಾಕಿದ್ದಾರೆ. ಊರಿನ ಅಭಿಮಾನ, ಇರಲಿ. ಮೇಷ್ಟ್ರ ಸಾಧ್ಯತೆಯ ಲೆಕ್ಕ ಅಲ್ಲಿಗೆ ಹೊಂದಲ್ಲ, 24 ಎಲೆಗೆ ಹೊಸದಾಗಿ ಮಾಡಿಕೊಳ್ಳಬೇಕು.

ನಿರ್ವಾಹಕ
ಪಾಯಿಂಟಿಗೆ ದುಡ್ಡು ಎಷ್ಟು ಅಂತ ಕೇಳಿದ್ದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಆಟದ ಮಾತು ಮುಂದುವರಿಸಿ.

ಕಳಾವರ್ ರಾಜ
ಹಾಗಾದರೆ ಮುಂದಿನದು. ಮೊದಲಿನ ಕೈಯೇ, ಒಂದೇ ಬದಲಾವಣೆ: ಕಳಾವರ್ ಹತ್ತಿನ ಜಾಗದಲ್ಲಿ ಕಳಾವರ್ ಎಕ್ಕ ನಿಮ್ಮ ಹತ್ತಿರ, ಹತ್ತು ಕಾಣದ ಎಲೆಗಳಲ್ಲಿ. ಈಗಲೂ ರಾಜನನ್ನೇ ಮೊದಲು ಇಳಿಸ್ತೀರಾ?

ಸುಳ್ಯದ ಎಲೆಗಾರ
ಇಲ್ಲ, ಈಗ ಮೇಲಿಂದ ಎಳೀಬೇಕು. ಡೈಮನ್ ಎಕ್ಕ, ಡೈಮನ್ ಹತ್ತು, ಇಸ್ಪೀಟ್ ಎಕ್ಕ, ಕಳಾವರ್ ಎಕ್ಕ: 17 + 21 + 22 = 60. ಎದುರಾಳಿಯ ನಾಲ್ಕು ಎಲೆಯಿಂದ ಕನಿಷ್ಠ 11, ಅಲ್ಲಿಗೆ 71. ಲೀಡ್ ಕೈ ಬಿಡೋದೇ ಇಲ್ಲ, ಹಂಚಿಕೆ ಹೇಗಿದ್ದರೂ ಗೆಲುವು. ರಾಜನನ್ನು ಮೊದಲು ಇಳಿಸಿದರೆ ಕಳಾವರ್ ಹತ್ತು, ಡೈಮನ್ ರಾಜ, ರಾಣಿ ಮೂರೂ ಒಂದೇ ಕೈಯಲ್ಲಿರೋ ಅದೇ 12ಕ್ಕೊಂದು ಅಪಾಯವನ್ನು ಸುಮ್ಮನೆ ಮೈಮೇಲೆ ಎಳೆದುಕೊಂಡ ಹಾಗೆ.